ಡಿಸ್ಕ್ ತುಂಬುವ ಮೊದಲೇ ಆಡಳಿತ ಮಂಡಳಿ ಎಚ್ಚೆತ್ತುಕೊಳ್ಳಲಿ

ಬಿಡದಿಯ ಕಾರ್ಖಾನೆಯಿಂದಾಗಿ ನಮಗೆಲ್ಲ ಪರಿಚಿತವಾದ ಟೊಯೊಟಾ ಕಂಪನಿ, 2023ರ ಆಗಸ್ಟ್ ಕೊನೆಯಲ್ಲಿ ಜಪಾನಿನ ತನ್ನ 14 ಜೋಡಣಾ ಕಾರ್ಖಾನೆಗಳನ್ನೂ ನಿಲ್ಲಿಸಬೇಕಾಯಿತು. ಸೈಬರ್ ದಾಳಿ ಇರಬಹುದೆಂಬ ಅನುಮಾನ ಮೊದಲು ಎದ್ದಿತ್ತು. ಕಂಪನಿಯೇ ಆಮೇಲೆ ಕೊಟ್ಟ ಕಾರಣ ಬಹಳ ಸರಳ. ಆಗಸ್ಟ್ 27ರಂದು ನಿರ್ವಹಣೆಗೆಂದು ಡೇಟಾಬೇಸಿನ ಹಳೆಯ ಮಾಹಿತಿಯನ್ನು ಅಳಿಸಿ ಜೋಡಿಸುತ್ತಿದ್ದಾಗ ಡಿಸ್ಕ್‌ನಲ್ಲಿ ಜಾಗ ಸಾಲದೆ ವ್ಯವಸ್ಥೆ ನಿಂತಿತು. ಬದಲಿ ಸರ್ವರ್ ಕೂಡ ಅದೇ ವ್ಯವಸ್ಥೆಯಲ್ಲಿದ್ದುದರಿಂದ ಅದೂ ಕೈಕೊಟ್ಟಿತು. 29ರಂದು ಹೆಚ್ಚು ಜಾಗವಿರುವ ಸರ್ವರಿಗೆ ಮಾಹಿತಿ ಸಾಗಿಸಿದ ಮೇಲೆಯೇ, ಮರುದಿನ ಕಾರ್ಖಾನೆಗಳು ತೆರೆದವು.

ಸಣ್ಣಪುಟ್ಟ ಸಂಸ್ಥೆಗಳ ಡೇಟಾಬೇಸ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಈ ಸುದ್ದಿ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ವಿದ್ಯುತ್ ಹೇಳದೆ ಕೇಳದೆ ಹೋಗುತ್ತದೆ, ಹಾರ್ಡ್‌ಡಿಸ್ಕ್ ಇದ್ದಕ್ಕಿದ್ದಂತೆ ಕೆಡುತ್ತದೆ. ಆದರೆ ಡಿಸ್ಕ್ ತುಂಬುವುದು ತಿಂಗಳುಗಟ್ಟಲೆ ಮುನ್ಸೂಚನೆ ಕೊಟ್ಟು ಬರುವ ತೊಂದರೆ. ಅದನ್ನು ಅಪಘಾತ ಎನ್ನುವುದು ತಪ್ಪು. ಅದು ಆಡಳಿತದ ನಿರ್ಲಕ್ಷ್ಯ ಎಂದೇ ನಾನು ಹೇಳುತ್ತೇನೆ.

ಅಳಿಸುವಾಗ ಜಾಗ ಮುಗಿಯುವುದು ಹೇಗೆ ಎಂದು ಹಲವರು ಕೇಳುತ್ತಾರೆ. ನಮ್ಮಲ್ಲಿ ತುಂಬ ಬಳಕೆಯಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ನೋಡಿ. ಅದರಲ್ಲಿ ಸಾಲುಗಳನ್ನು ಡಿಲೀಟ್ ಮಾಡಿದ ತಕ್ಷಣ ಡಿಸ್ಕ್ ಖಾಲಿಯಾಗುವುದಿಲ್ಲ. ಆ ಸಾಲುಗಳು ಸತ್ತಿವೆ ಎಂದು ಗುರುತಾಗುತ್ತದೆ, ಅಷ್ಟೆ. ವ್ಯಾಕ್ಯೂಮ್ ಎಂಬ ಸ್ವಚ್ಛತಾ ಕೆಲಸ ನಡೆದ ಮೇಲೆ ಸಾಮಾನ್ಯವಾಗಿ ಆ ಜಾಗ ಅದೇ ಟೇಬಲ್ಲಿನ ಹೊಸ ಸಾಲುಗಳಿಗೆ ಸಿಗುತ್ತದೆ. ಡಿಸ್ಕಿಗೇ ಜಾಗ ಮರಳಬೇಕೆಂದು ವ್ಯಾಕ್ಯೂಮ್ ಫುಲ್ ಓಡಿಸಿದರೆ, ಅದು ಟೇಬಲ್ಲಿನ ಹೊಸ ಪ್ರತಿಯನ್ನೇ ಬರೆಯುತ್ತದೆ. ಅದಕ್ಕೆ ಇನ್ನಷ್ಟು ಜಾಗ ಬೇಕು. ಡಿಸ್ಕ್ ತುಂಬಿದ ಮೇಲೆ ಸ್ವಚ್ಛತೆಗೆ ಹೊರಡುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ದಾವಣಗೆರೆ ಕಡೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ತಿಂಗಳ ಕೊನೆಯ ದಿನವೇ ಸರ್ವರ್ ನಿಂತಿತು. ಕೌಂಟರಿನಲ್ಲಿ ಪಾಸ್‌ಬುಕ್ ಹಿಡಿದ ಜನ, ಒಳಗೆ ಗಾಬರಿಯಾದ ಸಿಬ್ಬಂದಿ. ಅಲ್ಲಿನ ಹುಡುಗ ಫೋನ್ ಮಾಡಿ, ‘ಮೇಡಂ, ಪಿಜಿ ವಾಲ್ ಅಂತ ಒಂದು ಫೋಲ್ಡರೇ ಪೂರ್ತಿ ಡಿಸ್ಕ್ ತಿಂದುಬಿಟ್ಟಿದೆ, ಡಿಲೀಟ್ ಮಾಡ್ಲಾ?’ ಎಂದ. ‘ಬೇಡಪ್ಪ, ಅದನ್ನ ಮುಟ್ಟಲೇಬೇಡ’ ಎಂದೆ. ಪ್ರತಿ ಬದಲಾವಣೆಯೂ ಮೊದಲು ಆ ಫೋಲ್ಡರಿನಲ್ಲಿ ದಾಖಲಾಗುತ್ತದೆ. ನಿಂತ ಡೇಟಾಬೇಸ್ ಮತ್ತೆ ಏಳುವಾಗ ಆ ದಾಖಲೆ ಓದಿಯೇ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಹಿಂದೆ ಅದರ ಹೆಸರಿನಲ್ಲಿ ‘ಲಾಗ್’ ಎಂದಿದ್ದುದರಿಂದ ಬೇಡದ ಕಡತಗಳೆಂದು ಅಳಿಸಿ ಕೈಸುಟ್ಟುಕೊಂಡವರು ಇದ್ದರು. ಅದಕ್ಕೇ 2017ರಲ್ಲಿ ಬಂದ ಪೋಸ್ಟ್‌ಗ್ರೆಸ್‌ನ 10ನೇ ಆವೃತ್ತಿಯಲ್ಲಿ ಹೆಸರನ್ನೇ ಬದಲಿಸಿದರು.

ಡೇಟಾ ಫೋಲ್ಡರನ್ನು ಇದ್ದಂತೆಯೇ ಬೇರೆ ಡಿಸ್ಕಿಗೆ ನಕಲು ಮಾಡಿಸಿದೆ. ಅದೇ ಡಿಸ್ಕಿನಲ್ಲಿ ಬಿದ್ದಿದ್ದ ಹಳೆಯ ಬ್ಯಾಕಪ್ ಕಡತಗಳನ್ನು ಹೊರಗೆ ಸಾಗಿಸಿದ ಮೇಲೆ ಸರ್ವರ್ ಎದ್ದಿತು. ಆಗ ಮೂಲ ಕಾರಣ ಸಿಕ್ಕಿತು. ಎಂದೋ ತೆಗೆದುಹಾಕಿದ್ದ ಬದಲಿ ಸರ್ವರಿಗೆಂದು ಮಾಡಿದ್ದ ರೆಪ್ಲಿಕೇಶನ್ ಸ್ಲಾಟ್ ಹಾಗೇ ಉಳಿದಿತ್ತು. ಬಾರದ ಸರ್ವರಿಗಾಗಿ ಡೇಟಾಬೇಸ್ ಹಳೆಯ ದಾಖಲೆಗಳನ್ನೆಲ್ಲ ಕೂಡಿಡುತ್ತಿತ್ತು. ಸ್ಲಾಟ್ ತೆಗೆದು ಚೆಕ್‌ಪಾಯಿಂಟ್ ಕೊಟ್ಟದ್ದೇ ಡಿಸ್ಕ್ ಹಗುರವಾಯಿತು. ಜಾಗ ಕಡಿಮೆಯಾಗುತ್ತಿದೆ ಎಂಬ ಎಚ್ಚರಿಕೆಯ ಮೇಲ್‌ಗಳು ಹೋಗುತ್ತಲೇ ಇದ್ದವು, ಕೆಲಸ ಬಿಟ್ಟು ಹೋದವರ ವಿಳಾಸಕ್ಕೆ.

ಇಂಥ ಹೊತ್ತಿನಲ್ಲಿ ಎಲ್ಲ ಕಡೆಯೂ ಬರುವ ಸಲಹೆ ಒಂದೇ: ‘ಹೇಗೂ ನಿಂತಿದೆಯಲ್ಲ, ಇವತ್ತೇ ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡಿಬಿಡಿ.’ ಇದಕ್ಕೆ ನನ್ನ ಪೂರ್ಣ ವಿರೋಧವಿದೆ. ಅಪ್‌ಗ್ರೇಡ್ ಬೇಕೇ ಬೇಕು. ಪೋಸ್ಟ್‌ಗ್ರೆಸ್‌ನ ಪ್ರತಿ ಪ್ರಮುಖ ಆವೃತ್ತಿಗೆ ಐದು ವರ್ಷ ಮಾತ್ರ ಬೆಂಬಲ. ಆ ಸಂಘದಲ್ಲಿದ್ದ 11ನೇ ಆವೃತ್ತಿಯ ಅವಧಿ 2023ರ ನವೆಂಬರಿನಲ್ಲೇ ಮುಗಿದಿತ್ತು. ಆದರೆ ಚೇತರಿಕೆ ಬೇರೆ, ಅಪ್‌ಗ್ರೇಡ್ ಬೇರೆ. ನಕಲು ಮಾಡುವ ವಿಧಾನದಲ್ಲಿ ಅಪ್‌ಗ್ರೇಡ್ ಮಾಡಿದರೆ ಎರಡು ಪಟ್ಟು ಜಾಗ ಬೇಕು. ಹಳೆಯ ಕಡತಗಳನ್ನೇ ಬಳಸುವ ಲಿಂಕ್ ವಿಧಾನದಲ್ಲಿ ಜಾಗ ಉಳಿಯುತ್ತದೆ, ಆದರೆ ಹೊಸ ಸರ್ವರ್ ಒಮ್ಮೆ ಶುರುವಾದರೆ ಹಳೆಯದಕ್ಕೆ ಮರಳುವ ದಾರಿ ಮುಚ್ಚುತ್ತದೆ. ಮೊದಲು ದೊಡ್ಡ ಡಿಸ್ಕ್, ನಂತರ ಪರೀಕ್ಷಿಸಿದ ಬ್ಯಾಕಪ್, ಬೇರೆ ಯಂತ್ರದಲ್ಲಿ ತಾಲೀಮು, ಕೊನೆಗೆ ಒಂದು ಭಾನುವಾರ ಅಪ್‌ಗ್ರೇಡ್. ಈ ಕ್ರಮ ತಪ್ಪಬಾರದು.

ಬ್ಯಾಕಪ್ಪನ್ನು ಪರೀಕ್ಷಿಸಲೇಬೇಕು ಎನ್ನುವುದಕ್ಕೆ ಗಿಟ್‌ಲ್ಯಾಬ್ ಕಂಪನಿಯ ಪ್ರಕರಣವೇ ಸಾಕ್ಷಿ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ಕಣ್ತಪ್ಪಿನಿಂದ ಮುಖ್ಯ ಸರ್ವರಿನ ಡೇಟಾ ಅಳಿಸಿದರು. ಬ್ಯಾಕಪ್ ಹುಡುಕಿದರೆ ಅದೂ ಇರಲಿಲ್ಲ. ಡೇಟಾಬೇಸ್ 9.6ನೇ ಆವೃತ್ತಿಯದು, ಬ್ಯಾಕಪ್ ತೆಗೆಯುವ ಸಾಧನ 9.2ರದು, ಹೊಂದಿಕೆಯಾಗದೆ ಬ್ಯಾಕಪ್ ವಿಫಲವಾಗುತ್ತಲೇ ಇತ್ತು. ಅದನ್ನು ತಿಳಿಸುವ ಮೇಲ್‌ಗಳು ತಲುಪುತ್ತಿರಲಿಲ್ಲ. ಬೇರೊಂದು ಪ್ರತಿಯಿಂದ ಉಳಿದದ್ದು ಸಿಕ್ಕರೂ, ಸುಮಾರು ಆರು ಗಂಟೆಗಳ ಮಾಹಿತಿ ಮರಳಿ ಸಿಗಲೇ ಇಲ್ಲ. ತಾವೇ ಇದನ್ನೆಲ್ಲ ಬಹಿರಂಗವಾಗಿ ಬರೆದು ತಿಳಿಸಿದ ಆ ಕಂಪನಿಯ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ.

ಸರ್ವರ್ ನಿಂತ ದಿನ ಬೈಗುಳ ತಿನ್ನುವವನು ಸಂಬಳದಲ್ಲಿ ಎಲ್ಲರಿಗಿಂತ ಕೆಳಗಿರುವ ಸಿಸ್ಟಂ ಹುಡುಗ. ಹೊಸ ಡಿಸ್ಕ್ ಕೇಳಿ ಅವನು ಬರೆದ ಪತ್ರ ಲೆಕ್ಕ ವಿಭಾಗದಲ್ಲಿ ದೂಳು ಹಿಡಿದಿರುತ್ತದೆ. ಜಾಗ ನೋಡುವವನಿಗೆ ಖರ್ಚು ಮಾಡುವ ಅಧಿಕಾರವಿಲ್ಲ, ಅಧಿಕಾರ ಇರುವವರು ಜಾಗ ನೋಡುವುದಿಲ್ಲ. ಇದು ಬದಲಾಗಬೇಕು. ಡಿಸ್ಕಿಗೂ ಅಪ್‌ಗ್ರೇಡಿಗೂ ವಾರ್ಷಿಕ ಬಜೆಟ್‌ನಲ್ಲೇ ಹಣ ಮೀಸಲಿಡಬೇಕು. ಎಚ್ಚರಿಕೆಯ ಸಂದೇಶ ಸಿಸ್ಟಂ ಸಿಬ್ಬಂದಿಯ ಜೊತೆಗೆ ವ್ಯವಸ್ಥಾಪಕರಿಗೂ ಹೋಗಬೇಕು.

ಸಹಕಾರ ಸಂಘ, ಆಸ್ಪತ್ರೆ, ಶಾಲೆಗಳ ಆಡಳಿತ ಮಂಡಳಿಯಲ್ಲಿರುವವರಲ್ಲಿ ನನ್ನ ಮನವಿ ಇಷ್ಟೇ. ಮುಂದಿನ ಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ: ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ? ಈ ವೇಗದಲ್ಲಿ ಯಾವಾಗ ತುಂಬುತ್ತದೆ? ನಮ್ಮ ಡೇಟಾಬೇಸ್ ಯಾವ ಆವೃತ್ತಿಯದು? ಬ್ಯಾಕಪ್ಪಿನಿಂದ ಕೊನೆಯ ಬಾರಿ ಮಾಹಿತಿ ಮರಳಿ ತಂದು ನೋಡಿದ್ದು ಎಂದು? ಉತ್ತರ ಸಿಗದಿದ್ದರೆ ಆ ದಿನದ ಸಭೆಯಲ್ಲಿ ಮೊದಲು ಚರ್ಚಿಸಬೇಕಾದ ವಿಷಯ ಅದೇ.