ಭೋಗಭೂಮಿ, ಕಲ್ಯಾಣ ಮತ್ತು ಪರಿಪೂರ್ಣ ಸಮಾಜ

ದೋಷವೇ ಇಲ್ಲದ ಸಮಾಜವೊಂದು ಸಾಧ್ಯವೇ? ತಾಮಸ್ ಮೋರ್ 1516ರಲ್ಲಿ ತನ್ನ ಆದರ್ಶ ದ್ವೀಪಕ್ಕೆ ‘ಯುಟೋಪಿಯಾ’ ಎಂದು ಹೆಸರಿಟ್ಟಾಗ, ಆ ಪದದಲ್ಲಿಯೇ ‘ಎಲ್ಲಿಯೂ ಇಲ್ಲದ ನಾಡು’ ಎಂಬ ಅರ್ಥ ಅಡಗಿತ್ತು. ಇಪ್ಪತ್ತನೆಯ ಶತಮಾನದ ಡಿಸ್ಟೋಪಿಯಾ ಕಾದಂಬರಿಗಳು ಆ ಕನಸಿನ ಕರಾಳ ಮುಖವನ್ನು ತೋರಿದವು. ಜಮ್ಯಾತಿನ್‌ನ ‘ವಿ’ ಕಾದಂಬರಿಯ ಪ್ರಜೆಗಳಿಗೆ ಹೆಸರುಗಳಿಲ್ಲ, ಸಂಖ್ಯೆಗಳಿವೆ. ಅವರ ವಾಸ ಗಾಜಿನ ಮನೆಗಳಲ್ಲಿ. ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ (1932) ಕೃತಿಯಲ್ಲಿ ದುಃಖ ಮರೆಸಲು ‘ಸೋಮ’ವೆಂಬ ಗುಳಿಗೆಯಿದೆ. ಅಲ್ಲಿ ಕೊರತೆಯಿಲ್ಲ, ಕೊರತೆಯನ್ನು ಗುರುತಿಸುವ ಮನಸ್ಸೂ ಉಳಿದಿಲ್ಲ.

ಈ ಒಳನೋಟ ಕನ್ನಡಕ್ಕೆ ಹೊಸತಲ್ಲ. ಪಂಪನ ‘ಆದಿಪುರಾಣ’ (941) ಭೋಗಭೂಮಿಯನ್ನು ನಮ್ಮ ಮುಂದಿಡುತ್ತದೆ. ಅಲ್ಲಿ ಬೇಕಾದುದನ್ನೆಲ್ಲ ಕಲ್ಪವೃಕ್ಷಗಳೇ ನೀಡುತ್ತವೆ, ದುಡಿಮೆಯ ದಣಿವಿಲ್ಲ. ಆದರೆ ಜೈನದರ್ಶನದ ಪ್ರಕಾರ ಭೋಗಭೂಮಿಯಿಂದ ಮೋಕ್ಷವಿಲ್ಲ. ವ್ರತಸಂಯಮಗಳಿಗೆ ಅಲ್ಲಿ ಎಡೆಯಿಲ್ಲ. ಕಲ್ಪವೃಕ್ಷಗಳು ಕ್ಷೀಣಿಸಿದ ಮೇಲೆ ಆದಿದೇವನು ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಕಲಿಸುತ್ತಾನೆ. ಹಸಿವು, ಬೆವರು, ತಪ್ಪುಗಳಿರುವ ಆ ಕರ್ಮಭೂಮಿಯಲ್ಲಿಯೇ ಬಿಡುಗಡೆಯ ದಾರಿ ತೆರೆಯುತ್ತದೆ. ಹಕ್ಸ್‌ಲಿಯ ಸುಖೀರಾಜ್ಯವನ್ನು ಓದುವಾಗ ನನಗೆ ನೆನಪಾಗುವುದು ಈ ವಿವೇಕವೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ನಮ್ಮ ವಿದ್ಯಾರ್ಥಿಗಳಿಗೆ ಆದರ್ಶ ಸಮಾಜವೆಂದರೆ ಹನ್ನೆರಡನೆಯ ಶತಮಾನದ ಕಲ್ಯಾಣ. ಬಸವಣ್ಣನವರು ಹುಟ್ಟಿದ ನೆಲದಲ್ಲಿ ಇದು ಸಹಜ. ಆದರೆ ಕಲ್ಯಾಣವನ್ನು ಭೋಗಭೂಮಿಯಂತೆ, ಕೊರತೆಯಿಲ್ಲದ ಸುವರ್ಣಯುಗವೆಂದು ಕಾಣುವುದು ಸರಿಯೇ? ಅದು ಕರ್ಮಭೂಮಿಯೆಂಬುದು ನನ್ನ ಅಭಿಪ್ರಾಯ. ಸಿಂದಗಿ ಸೀಮೆಯ ದೇವರ ಹಿಪ್ಪರಗಿಯಿಂದ ಹೋದ ಮಡಿವಾಳ ಮಾಚಯ್ಯನು ಬಸವಣ್ಣನವರ ದಾನದ ಅಹಂಕಾರವನ್ನೇ ಪ್ರಶ್ನಿಸಿದನೆಂದು ಪುರಾಣಗಳು ಹೇಳುತ್ತವೆ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ತಿರುಗಿ ಕಳುಹಿಸುತ್ತಾಳೆ. ಇಂತಹ ಎಚ್ಚರ ಬೇಕಾದುದು ದೋಷಗಳಿರುವ ಸಮಾಜಕ್ಕೆ; ಪರಿಪೂರ್ಣವಾದುದಕ್ಕೆ ಅದರ ಅಗತ್ಯವೇ ಇಲ್ಲ.

ಆಧುನಿಕ ನಾಟಕಕಾರರು ಹಿಡಿದದ್ದು ಇದೇ ಎಳೆಯನ್ನು. ಪಿ. ಲಂಕೇಶರ ‘ಸಂಕ್ರಾಂತಿ’ಯಲ್ಲಿ ಶರಣರ ಸುಧಾರಣೆಯನ್ನು ಒಪ್ಪದ ಉಜ್ಜನಿದ್ದಾನೆ. ತನ್ನ ಬದುಕಿನ ರೀತಿಯನ್ನು ಕಳೆದುಕೊಂಡು ಪಡೆಯುವ ಸಮಾನತೆ ಯಾರಿಗಾಗಿ ಎಂಬ ಪ್ರಶ್ನೆ ಅವನಿಂದ ಏಳುತ್ತದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆ ರಕ್ತಪಾತದಲ್ಲಿ ಮುಗಿಯುವುದನ್ನು ಗಿರೀಶ ಕಾರ್ನಾಡರ ‘ತಲೆದಂಡ’ (1990) ಚಿತ್ರಿಸುತ್ತದೆ. ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986) ಪಠ್ಯವಾಗಿದ್ದಾಗ ತೀವ್ರ ವಿರೋಧವನ್ನು ಎದುರಿಸಿತು. ಪ್ರಶ್ನೆಯಿಂದಲೇ ಬೆಳೆದ ಚಳವಳಿಯ ಹೆಸರಿನಲ್ಲಿ ಪ್ರಶ್ನೆ ಕೇಳುವ ಕೃತಿಯನ್ನು ವಿರೋಧಿಸಿದ್ದು ವಿಪರ್ಯಾಸ. ಡಿಸ್ಟೋಪಿಯಾದ ಮೊದಲ ಲಕ್ಷಣವೂ ಇದೇ ಅಲ್ಲವೇ?

ಹಾಗೆಂದು ಆದರ್ಶವನ್ನೇ ಕೈಬಿಡಬೇಕೆಂದು ನಾನು ವಾದಿಸುತ್ತಿಲ್ಲ. ಕಲ್ಯಾಣದ ಕನಸಿಲ್ಲದಿದ್ದರೆ ಆ ಮದುವೆಯೇ ನಡೆಯುತ್ತಿರಲಿಲ್ಲ. ಎಂಟು ಶತಮಾನಗಳ ಬಳಿಕವೂ ಅಂತಹ ಮದುವೆಗೆ ಹಳ್ಳಿ ಬೆಚ್ಚಿಬೀಳುವುದನ್ನು ಕಂಡವರಿಗೆ ಆ ಕನಸಿನ ಬೆಲೆ ಗೊತ್ತು. ಆದರ್ಶ ನಡೆಯಬೇಕಾದ ದಿಕ್ಕನ್ನು ತೋರಲಿ. ಅದನ್ನು ತಲುಪಿಯೇಬಿಟ್ಟೆವೆಂದು ಸಾರುವವರನ್ನು ಸಂಶಯದಿಂದ ನೋಡೋಣ. ಆದ್ದರಿಂದ ವಚನಗಳನ್ನು ಓದಿಸುವ ತರಗತಿಯಲ್ಲಿ ಈ ನಾಟಕಗಳನ್ನೂ ಓದಿಸಬೇಕು. ಕಲ್ಯಾಣ ಏಕೆ ಉಳಿಯಲಿಲ್ಲ ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಅದನ್ನು ಅಗೌರವವೆಂದು ತಿಳಿಯದೆ, ಮಾಚಯ್ಯನ ಪರಂಪರೆಯ ಮಾತೆಂದು ಆಲಿಸಬೇಕು.