ಮಹಾಗೋಡೆಯಾಚೆಯ ಚೀನಾ

ಐದು ವರ್ಷಗಳಿಗೂ ಹೆಚ್ಚು ಕಾಲ ಸ್ಥಗಿತಗೊಂಡಿದ್ದ ಭಾರತ–ಚೀನಾ ನಡುವಣ ನೇರ ವಿಮಾನ ಸಂಚಾರ 2025ರ ಅಕ್ಟೋಬರ್‌ನಲ್ಲಿ ಪುನರಾರಂಭಗೊಂಡಿತು. ಅದೇ ವರ್ಷ ಚೀನೀಯರಿಗೆ ಪ್ರವಾಸಿ ವೀಸಾ ನೀಡಿಕೆಯೂ ಕೈಲಾಸ–ಮಾನಸ ಸರೋವರ ಯಾತ್ರೆಯೂ ಮತ್ತೆ ಆರಂಭವಾದವು. ಗಡಿ ವಿವಾದವೇನೂ ಬಗೆಹರಿದಿಲ್ಲ. ಆದರೂ ಎರಡು ದೇಶಗಳ ಸಾಮಾನ್ಯ ಜನ ಪರಸ್ಪರ ನೋಡಿಬರುವ ಅವಕಾಶವಂತೂ ಮರಳಿ ದೊರೆತಿದೆ. ಆ ಅವಕಾಶವನ್ನು ನಾವು ಹೇಗೆ ಬಳಸಿಕೊಳ್ಳುತ್ತೇವೆ ಎಂಬುದು ಯೋಚಿಸಬೇಕಾದ ವಿಷಯ.

ನಮ್ಮ ಪ್ರವಾಸಿ ಸಂಸ್ಥೆಗಳ ಚೀನಾ ಯಾತ್ರೆಗೆ ಒಂದು ಸಿದ್ಧ ಅಚ್ಚು ಇದೆ. ಬೀಜಿಂಗ್‌ನಲ್ಲಿ ಮಹಾಗೋಡೆ ಮತ್ತು ಅರಮನೆ, ಶಿಯಾನ್‌ನಲ್ಲಿ ಸುಟ್ಟ ಮಣ್ಣಿನ ಸೈನಿಕರು, ಶಾಂಘೈಯಲ್ಲಿ ನದೀತೀರದ ಗಗನಚುಂಬಿ ಕಟ್ಟಡಗಳು, ಕೊನೆಯ ದಿನ ಖರೀದಿ. ಇವೆಲ್ಲ ನೋಡತಕ್ಕವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಇವಿಷ್ಟನ್ನೇ ನೋಡಿ ಬಂದವರ ಮನಸ್ಸಿನಲ್ಲಿ ಉಳಿಯುವುದು ಗೋಡೆ ಕಟ್ಟಿಕೊಂಡು ಬಾಳಿದ ಒಂದು ಸಾಮ್ರಾಜ್ಯ ಮತ್ತು ಕಣ್ಣು ಕೋರೈಸುವ ಇಂದಿನ ಸಂಪತ್ತು. ಹೊರಗಿನವರನ್ನು ಬರಮಾಡಿಕೊಂಡ, ಅವರಿಂದ ಕಲಿತ, ಕೆಲವೊಮ್ಮೆ ಅವರೊಡನೆ ಕಾದಾಡಿದ ಇನ್ನೊಂದು ಚೀನಾ ಈ ಪಟ್ಟಿಯ ಹೊರಗೇ ಉಳಿದುಬಿಡುತ್ತದೆ.

ಶಿಯಾನ್ ನಗರವನ್ನೇ ತೆಗೆದುಕೊಳ್ಳೋಣ. ಇಮ್ಮಡಿ ಪುಲಕೇಶಿಯ ಪಾಠ ಓದಿದ ಪ್ರತಿಯೊಬ್ಬ ಕನ್ನಡಿಗನಿಗೂ ಹ್ಯೂಯೆನ್‌ತ್ಸಾಂಗ್ ಗೊತ್ತು. ಪುಲಕೇಶಿಯ ಪರಾಕ್ರಮವನ್ನೂ, ಹರ್ಷವರ್ಧನನಿಗೆ ಈ ರಾಜ್ಯವನ್ನು ಮಣಿಸಲಾಗದೆ ಹೋದದ್ದನ್ನೂ ದಾಖಲಿಸಿದ ಯಾತ್ರಿಕ ಆತ. ಕ್ರಿ.ಶ. 634ರ ಐಹೊಳೆಯ ರವಿಕೀರ್ತಿ ಶಾಸನ ಹೇಳುವುದನ್ನು ಪರದೇಶಿಯೊಬ್ಬನ ಬರಹವೂ ಅನುಮೋದಿಸುತ್ತದೆ ಎಂಬುದು ನಮ್ಮ ಇತಿಹಾಸಕಾರರಿಗೆ ದೊಡ್ಡ ಆಧಾರ. ಆದರೆ ಊರಿಗೆ ಹಿಂತಿರುಗಿದ ಆ ಯಾತ್ರಿಕ ಮುಂದೇನಾದ ಎಂದು ನಾವು ಕೇಳುವುದೇ ಇಲ್ಲ. 645ರಲ್ಲಿ 657 ಗ್ರಂಥಗಳೊಂದಿಗೆ ಅಂದಿನ ಛಾಂಗಾನ್‌ಗೆ, ಅಂದರೆ ಇಂದಿನ ಶಿಯಾನ್‌ಗೆ, ಮರಳಿದ ಆತ ಉಳಿದ ಆಯುಷ್ಯವನ್ನೆಲ್ಲ ಅನುವಾದಕ್ಕೆ ಮುಡಿಪಾಗಿಟ್ಟ. 664ರಲ್ಲಿ ತೀರಿಕೊಂಡ. ಗ್ರಂಥಗಳನ್ನು ಕಾಪಿಡಲೆಂದು 652ರಲ್ಲಿ ಕಟ್ಟಿದ ಮಹಾಗೋಪುರ ನಗರದೊಳಗೇ ಇದ್ದು, ಪ್ರವಾಸಿಗರು ಅಲ್ಲಿ ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಆತನ ಸಮಾಧಿ ಮಾತ್ರ ನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದಕ್ಷಿಣಕ್ಕೆ, ಶಿಂಗ್‌ಜಿಯಾವೊ ವಿಹಾರದಲ್ಲಿದೆ.

669ರಲ್ಲಿ ಆತನ ಅವಶೇಷಗಳನ್ನು ಇಲ್ಲಿಗೆ ತರಲಾಯಿತು. ನಡುವೆ ಗುರುವಿನ ಐದು ಅಂತಸ್ತಿನ ಇಟ್ಟಿಗೆಯ ಗೋಪುರ. ಇಕ್ಕೆಲಗಳಲ್ಲಿ ಇಬ್ಬರು ಶಿಷ್ಯರ ಮೂರಂತಸ್ತಿನ ಚಿಕ್ಕ ಗೋಪುರಗಳು. ಶಿಷ್ಯರಲ್ಲಿ ಒಬ್ಬನಾದ ಕ್ವೇಜಿ ಮಧ್ಯ ಏಷ್ಯಾ ಮೂಲದ ಮನೆತನದವನು. ಇನ್ನೊಬ್ಬನಾದ ವೊನ್‌ಚೂಕ್ ಕೊರಿಯಾದವನು. ಭಾರತದಲ್ಲಿ ಕಲಿತ ಚೀನೀ ಗುರುವಿನ ಪಕ್ಕದಲ್ಲಿ ಹೊರಗಿನ ರಕ್ತದ ಇಬ್ಬರು ಶಿಷ್ಯರು ಮಲಗಿರುವ ಈ ಸ್ಥಳಕ್ಕಿಂತ ಚೆನ್ನಾಗಿ ಆ ಕಾಲದ ಜ್ಞಾನಲೋಕವನ್ನು ಪರಿಚಯಿಸುವ ತಾಣ ಬೇರೊಂದು ಸಿಗಲಾರದು. ಐಹೊಳೆಯ ಶಾಸನಕ್ಕೆ ಕೈಮುಗಿಯುವ ಕನ್ನಡಿಗನಿಗೆ ಇಲ್ಲಿಯೂ ಅರ್ಧ ದಿನದ ಕೆಲಸವಿದೆ.

ಆಗ್ನೇಯ ಕರಾವಳಿಯ ಚುವಾನ್‌ಝೌ ನಗರದ ಕತೆ ಇನ್ನೂ ಸೋಜಿಗದ್ದು. ಅರಬ್ಬರು ಜೈತೂನ್ ಎಂದು ಕರೆದ ಈ ಬಂದರು ಸೋಂಗ್ ಮತ್ತು ಯುವಾನ್ ಅರಸರ ಕಾಲದಲ್ಲಿ ಜಗತ್ತಿನ ಅತಿ ದೊಡ್ಡ ಬಂದರುಗಳಲ್ಲಿ ಒಂದಾಗಿತ್ತು. ದಕ್ಷಿಣ ಭಾರತದ ವರ್ತಕರು ಇಲ್ಲಿ ಬಂದು ನೆಲೆಸಿದ್ದರು. ಕುಬ್ಲಾಯಿ ಖಾನನ ಆಳ್ವಿಕೆಯಲ್ಲಿ, 1281ರಲ್ಲಿ, ಇಲ್ಲಿ ಶಿವನನ್ನು ಪ್ರತಿಷ್ಠಾಪಿಸಿದ್ದನ್ನು ತಿಳಿಸುವ ತಮಿಳು ಶಾಸನ ದೊರೆತಿದೆ. ಆ ದೇಗುಲ ಇಂದಿಲ್ಲ, ಕಲ್ಲುಗಳು ಉಳಿದಿವೆ. ಕೈಯುವಾನ್ ಎಂಬ ಪ್ರಾಚೀನ ಬೌದ್ಧ ವಿಹಾರದ ಮುಖ್ಯ ಮಂದಿರದ ಹಿಂಬದಿಗೆ ಹೋದರೆ ಹದಿನಾರು ಮುಖಗಳ ಎರಡು ಕಂಬಗಳು ಕಾಣುತ್ತವೆ. ಅವುಗಳ ಮೇಲೆ ಹಿರಣ್ಯಕಶಿಪುವನ್ನು ಸೀಳುವ ನರಸಿಂಹನೂ ಅವಳಿ ಮರಗಳನ್ನು ಉರುಳಿಸುವ ಬಾಲಕೃಷ್ಣನೂ ಇದ್ದಾರೆ. ಪಾಳುಬಿದ್ದ ಹಿಂದೂ ದೇಗುಲದಿಂದ ತಂದು, ಮುಂದೆ ಜೀರ್ಣೋದ್ಧಾರದ ಸಂದರ್ಭದಲ್ಲಿ ಬಳಸಿಕೊಂಡ ಕಂಬಗಳಿವು. ಸಮೀಪದ ಛೇದಿಯನ್ ಎಂಬ ಹಳ್ಳಿಯಲ್ಲಿ ನಾಲ್ಕು ಕೈಗಳ ದೇವಿಯೊಬ್ಬಳ ಶಿಲ್ಪವಿದ್ದು, ಊರಿನ ಜನ ಅದನ್ನು ತಮ್ಮ ಕರುಣೆಯ ದೇವತೆ ಗ್ವಾನ್‌ಯಿನ್ ಎಂದೇ ಪೂಜಿಸಿಕೊಂಡು ಬಂದಿದ್ದಾರೆ. ಇದೇ ನಗರದಲ್ಲಿ 1009ರಲ್ಲಿ ಸ್ಥಾಪನೆಯಾದ ಮಸೀದಿ ಇದೆ. ಹೊರವಲಯದ ಗುಡ್ಡದ ಮೇಲಿನ ಪುಟ್ಟ ಗುಡಿಯೊಂದರಲ್ಲಿ, ಈಗ ಬಹುತೇಕ ಅಳಿದುಹೋಗಿರುವ ಪಂಥವೊಂದರ ಪ್ರವರ್ತಕನಾದ ಮಾನಿಯ ಶಿಲಾಮೂರ್ತಿ 1339ರಿಂದಲೂ ಬುದ್ಧನೆಂಬ ಹೆಸರಿನಲ್ಲಿ ಪೂಜೆಗೊಳ್ಳುತ್ತಿದೆ.

2021ರ ಜುಲೈ 25ರಂದು ಚೀನಾದ ಫುಝೌನಲ್ಲಿ ಯುನೆಸ್ಕೊ ಸಭೆ ತೆಲಂಗಾಣದ ರಾಮಪ್ಪ ದೇಗುಲವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾವೆಲ್ಲ ಸಂಭ್ರಮಿಸಿದೆವು. ಅದೇ ದಿನ ಅದೇ ಸಭೆ ಚುವಾನ್‌ಝೌ ನಗರದ 22 ತಾಣಗಳನ್ನೂ ಪಟ್ಟಿಗೆ ಸೇರಿಸಿತು. ಅದು ನಮ್ಮ ಗಮನಕ್ಕೆ ಬಂದಂತಿಲ್ಲ.

ಇಂಥ ಸಂಗತಿಗಳನ್ನು ಕೇಳಿದೊಡನೆ ‘ಅಲ್ಲಿಯೂ ನಮ್ಮವರೇ ಇದ್ದರು’ ಎಂದು ಬೀಗುವ ಅಭ್ಯಾಸ ನಮ್ಮಲ್ಲಿದೆ. ಆ ದೃಷ್ಟಿಯಿಂದ ನೋಡುವುದಾದರೆ ಅಲ್ಲಿಗೆ ಹೋಗದಿರುವುದೇ ಲೇಸು. ಆ ಕಂಬಗಳು ನಮ್ಮ ವಿಜಯಸ್ತಂಭಗಳಲ್ಲ. ವ್ಯಾಪಾರಕ್ಕೆಂದು ಹೋಗಿ ನೆಲೆಸಿದ ಕೆಲವು ಕುಟುಂಬಗಳಿಗೆ ಒಂದು ನಗರ ದೇಗುಲ ಕಟ್ಟಿಕೊಳ್ಳಲು ಜಾಗ ಕೊಟ್ಟಿತ್ತು ಎಂಬುದಕ್ಕೆ ಅವು ಸಾಕ್ಷಿ. ಆ ಸಹಬಾಳ್ವೆ ಶಾಶ್ವತವಾಗಿ ಉಳಿಯಲಿಲ್ಲ ಎಂಬುದಕ್ಕೂ ಅವೇ ಸಾಕ್ಷಿ. 1357ರಿಂದ 1366ರವರೆಗೆ ಪರ್ಷಿಯನ್ ಮೂಲದ ಸೇನೆಯ ದಂಗೆಯಿಂದ ಚುವಾನ್‌ಝೌ ತತ್ತರಿಸಿತು; ಕೊನೆಯಲ್ಲಿ ವಿದೇಶೀಯರ ಹತ್ಯಾಕಾಂಡವೇ ನಡೆಯಿತು. ಅನಂತರ ಬಂದ ಮಿಂಗ್ ಅರಸರು ಸಮುದ್ರ ವ್ಯಾಪಾರಕ್ಕೆ ಕಡಿವಾಣ ಹಾಕಿದರು. ಬಂದರು ಸೊರಗಿತು. ಪರಕೀಯರನ್ನು ಒಳಗೊಂಡಾಗ ಬೆಳೆದ ಊರು ಅವರನ್ನು ಕಳೆದುಕೊಂಡಾಗ ಏನಾಯಿತು ಎಂಬುದನ್ನು ಆ ಮೂಕ ಕಲ್ಲುಗಳ ಮುಂದೆ ನಿಂತು ಯೋಚಿಸುವುದು ಇಂದಿನ ಚೀನಾಕ್ಕೆ ಎಷ್ಟು ಅಗತ್ಯವೋ ಇಂದಿನ ಭಾರತಕ್ಕೂ ಅಷ್ಟೇ ಅಗತ್ಯ.

ಹೆಚ್ಚು ಪ್ರಸಿದ್ಧಿ ಪಡೆಯದ ತಾಣಗಳಿಗೆ ಮತ್ತೊಂದು ಗುಣವಿದೆ: ಅವು ಇನ್ನೂ ಬಳಕೆಯಲ್ಲಿವೆ. ಆದರೆ ಆ ಗುಣ ಉಳಿಯುತ್ತದೆಂಬ ಖಾತರಿಯೇನೂ ಇಲ್ಲ. ಹ್ಯೂಯೆನ್‌ತ್ಸಾಂಗನ ಸಮಾಧಿಯಿರುವ ವಿಹಾರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸಿದ್ಧಪಡಿಸುವ ಹೆಸರಿನಲ್ಲಿ, ಭಿಕ್ಷುಗಳ ವಸತಿ ಮತ್ತು ಭೋಜನಶಾಲೆಯೂ ಸೇರಿದಂತೆ ಇತ್ತೀಚಿನ ಕಟ್ಟಡಗಳನ್ನು ಕೆಡವುವ ಯೋಜನೆ 2013ರಲ್ಲಿ ಹೊರಬಿತ್ತು. ಚೀನಾದ ಸಾರ್ವಜನಿಕರಿಂದಲೇ ವ್ಯಾಪಕ ವಿರೋಧ ಬಂದು ಆ ಯೋಜನೆಯನ್ನು ಕೈಬಿಡಬೇಕಾಯಿತು. 2014ರಲ್ಲಿ ಸಮಾಧಿ ಗೋಪುರಗಳು ರೇಷ್ಮೆ ಹಾದಿಯ ಭಾಗವಾಗಿ ಪಟ್ಟಿಯನ್ನೂ ಸೇರಿದವು. ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು 2011ರಲ್ಲಿ ತೆರವುಗೊಳಿಸಿದ್ದನ್ನು ಕಂಡ ನಮಗೆ ಈ ಕತೆ ಅಪರಿಚಿತವೇನಲ್ಲ. ಸ್ಮಾರಕ ಉಳಿಸಲು ಹೊರಟು ಅದರ ಸುತ್ತಲಿನ ಜೀವವನ್ನೇ ಹೊರಹಾಕುವ ಯೋಚನೆ ಎರಡೂ ದೇಶಗಳ ಅಧಿಕಾರಿಗಳಿಗೆ ಒಂದೇ ಬಗೆಯಲ್ಲಿ ಹೊಳೆಯುತ್ತದೆ. ಅಲ್ಲಿಗೆ ಹೋಗುವ ಪ್ರವಾಸಿ ಗೋಪುರದ ಜೊತೆಗೆ ಭಿಕ್ಷುಗಳ ದಿನಚರಿಯನ್ನೂ ಗೌರವದಿಂದ ನೋಡಿದರೆ, ಉಳಿಯಬೇಕಾದುದು ಏನೆಂಬುದು ಆತನಿಗೂ ಅರ್ಥವಾದೀತು.

ಇಂಥ ಪ್ರವಾಸ ಕಷ್ಟಸಾಧ್ಯವೇನಲ್ಲ. ಶಿಯಾಮೆನ್‌ನಿಂದ ಚುವಾನ್‌ಝೌಗೆ ವೇಗದ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಭಾಷೆಯ ತೊಡಕು ನಿಜ. ಆದರೆ ಹೋಗಬೇಕಾದ ಸ್ಥಳದ ಹೆಸರನ್ನು ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಂಡರೆ ಅರ್ಧ ತೊಂದರೆ ಕಳೆಯುತ್ತದೆ. ಸಸ್ಯಾಹಾರಿಗಳಿಗೆ ಬೌದ್ಧ ವಿಹಾರಗಳ ಆಸುಪಾಸಿನಲ್ಲಿ ಊಟ ಸಿಗುವ ಸಾಧ್ಯತೆ ಹೆಚ್ಚು. ನಿಜವಾದ ಕೊರತೆ ಇರುವುದು ಮಾಹಿತಿಯಲ್ಲಿ. ನಮ್ಮ ಪ್ರವಾಸಿ ಸಂಸ್ಥೆಗಳು ಖರೀದಿಗೆ ಮೀಸಲಿಟ್ಟ ಒಂದು ದಿನವನ್ನು ಇಂಥ ತಾಣಕ್ಕೆ ಬಿಟ್ಟುಕೊಡಬೇಕು. ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಕನ್ನಡದಲ್ಲಿ ಕೈಪಿಡಿಗಳನ್ನು ಸಿದ್ಧಪಡಿಸಬೇಕು. ಹಾಗೆಯೇ, ಬದಾಮಿ, ಐಹೊಳೆಗಳಿಗೆ ಬರುವ ಚೀನೀ ಪ್ರವಾಸಿಗೆ ಆತನ ದೇಶದ ಯಾತ್ರಿಕನೊಬ್ಬ ಈ ನಾಡಿನ ಅರಸನ ಬಗ್ಗೆ ಬರೆದಿದ್ದಾನೆ ಎಂದು ಆತನ ಭಾಷೆಯಲ್ಲೇ ತಿಳಿಸುವ ಒಂದು ಫಲಕವನ್ನು ನಮ್ಮ ಪ್ರವಾಸೋದ್ಯಮ ಇಲಾಖೆ ನಿಲ್ಲಿಸಬಹುದು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಹ್ಯೂಯೆನ್‌ತ್ಸಾಂಗ್ ಮರುಭೂಮಿಯನ್ನೂ ಹಿಮಪರ್ವತಗಳನ್ನೂ ದಾಟಿ ಬಂದು, ವರ್ಷಗಟ್ಟಲೆ ಇದ್ದು, ಕಂಡದ್ದನ್ನು ಕಂಡಂತೆ ಬರೆಯಲು ಪ್ರಯತ್ನಿಸಿದ. ನಮಗೀಗ ಕೆಲವೇ ಗಂಟೆಗಳ ಹಾದಿ. ಆದರೂ ನೆರೆಯವರ ಬಗ್ಗೆ ನಮಗೆ ಗೊತ್ತಿರುವುದು 1962ರ ಯುದ್ಧ ಮತ್ತು ಅಂಗಡಿಗಳಲ್ಲಿ ಸಿಗುವ ಅಗ್ಗದ ಸಾಮಾನುಗಳಷ್ಟೇ. ಗಡಿಯ ಮಾತುಕತೆಯನ್ನು ಸರ್ಕಾರಗಳು ನೋಡಿಕೊಳ್ಳಲಿ. ತಿಳಿದುಕೊಳ್ಳುವ ಕೆಲಸವನ್ನು ಮಾತ್ರ ಅವುಗಳಿಗೆ ಬಿಡದೆ ನಾವೇ ಮಾಡಬೇಕು. ಮುಂದಿನ ಬಾರಿ ಚೀನಾಕ್ಕೆ ಹೊರಡುವವರು ಮಹಾಗೋಡೆಯನ್ನು ಖಂಡಿತ ನೋಡಲಿ. ಅದರಾಚೆಗೂ ಒಂದೆರಡು ದಿನ ಉಳಿಸಿಕೊಳ್ಳಲಿ.