ಬಾಡಿಗೆ ಕುದುರೆ ಬೆದರಿದರೆ ತಪ್ಪು ಯಾರದು?

ವಿಜಯಪುರದಲ್ಲಿ ಟಾಂಗಾ ಹತ್ತುವವರು ಕಡಿಮೆಯಾದ ಹಾಗೆ ಕುದುರೆ ಸಾಕಿದವರಲ್ಲಿ ಹಲವರು ಮದುವೆ ಮೆರವಣಿಗೆಯನ್ನು ನೆಚ್ಚಿಕೊಂಡರು. ಹಗಲೆಲ್ಲ ಬಂಡಿ ಎಳೆದ ಕುದುರೆಗೆ ಸಂಜೆ ಜರಿ ಹೊದಿಸಿ, ಹಣೆಗೆ ಗೊಂಡೆ ಕಟ್ಟಿ ಮಂಟಪದ ಮುಂದೆ ತಂದು ನಿಲ್ಲಿಸುತ್ತಾರೆ. ಅಲ್ಲಿ ಅದು ಬೆದರಿತೋ, ಎಲ್ಲರ ಬೆರಳೂ ಸಾಕಿದವನ ಕಡೆಗೆ. ‘ಪಳಗಿಸದ ಕುದುರೆ ತಂದು ನಮ್ಮ ಕಾರ್ಯ ಕೆಡಿಸಿದಿ’ ಎಂಬ ಬೈಗುಳ, ಮೇಲೆ ಬಾಡಿಗೆಯಲ್ಲಿ ಕಡಿತ. ಈ ಊರಿನ ಕುದುರೆಗಳ ಕಾಲು, ಬಾಯಿ, ಹೊಟ್ಟೆ ನೋಡುತ್ತಲೇ ನಿವೃತ್ತನಾದ ಪಶುವೈದ್ಯ ನಾನು. ಕುದುರೆಗೂ ಅದರ ಯಜಮಾನನಿಗೂ ನಡುವೆ ಬೆಳೆದ ನಂಬಿಕೆಯನ್ನು ಕೆಡಿಸುವವರು ಹೆಚ್ಚಾಗಿ ಬಾಡಿಗೆಗೆ ಕರೆಸುವ ನಾವೇ ಎಂಬುದು ನನ್ನ ತಕರಾರು.

ಆ ನಂಬಿಕೆ ಎಂಥದು ಅಂತ ತಿಳಿಯಬೇಕಾದರೆ ನಾಲ್‌ಬಂದ ಲಾಳ ಹೊಡೆಯುವಾಗ ಪಕ್ಕದಲ್ಲಿ ನಿಂತು ನೋಡಬೇಕು. ಗೊರಸು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆರೆಂಟು ವಾರಕ್ಕೊಮ್ಮೆ ಹಳೇ ಲಾಳ ಕಿತ್ತು, ಗೊರಸು ಕೆತ್ತಿ, ಮತ್ತೆ ಮೊಳೆ ಬಡಿಯಬೇಕು. ಅಪಾಯ ಕಂಡರೆ ಓಡಿಯೇ ಬದುಕುವ ಪ್ರಾಣಿ ಅದು. ಒಂದು ಕಾಲನ್ನು ಇನ್ನೊಬ್ಬನ ತೊಡೆಗೆ ಕೊಟ್ಟು ಮೂರು ಕಾಲಲ್ಲಿ ನಿಲ್ಲುವುದೆಂದರೆ ಅದಕ್ಕೆ ಇದ್ದೊಂದು ಹೊಲವನ್ನು ಒತ್ತೆ ಇಟ್ಟಂತೆ.

ಟಾಂಗಾ ಸ್ಟ್ಯಾಂಡಿನಲ್ಲಿ ಎಲ್ಲರೂ ಚಾಚಾ ಅನ್ನುತ್ತಿದ್ದ ಹಿರಿಯರೊಬ್ಬರಿದ್ದರು. ಲಾಳದ ದಿನ ಕುದುರೆಯ ಎಡಭುಜದ ಹತ್ತಿರ ತಾವೇ ನಿಲ್ಲುತ್ತಿದ್ದರು. ಕತ್ತು ಬೆನ್ನಿಗೆ ಕೂಡುವ ಕಡೆ, ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗವೊಂದಿದೆಯಲ್ಲ, ಅಲ್ಲಿ ಉಗುರಾಡಿಸುತ್ತಿದ್ದರು. ಕುದುರೆಯ ಕೆಳದುಟಿ ಜೋತು ಬೀಳುತ್ತಿತ್ತು, ಕಣ್ಣು ಅರೆ ಮುಚ್ಚುತ್ತಿತ್ತು. ಎತ್ತಿದ ಕಾಲಿನ ತೊಡೆ ಸಣ್ಣಗೆ ಅದುರಿದ ಕೂಡಲೇ, ಅದಿನ್ನೂ ಕಾಲು ಕಿತ್ತುಕೊಳ್ಳುವ ಮೊದಲೇ, ‘ಬಿಡಪಾ, ಸಾಕು’ ಅನ್ನುತ್ತಿದ್ದರು. ನಾಲ್‌ಬಂದ ಗೊಣಗುತ್ತ ಕಾಲಿಳಿಸುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿದರೆ ಕುದುರೆ ತಾನಾಗಿ ಕಾಲೆತ್ತುತ್ತಿತ್ತು. ಒದ್ದಾಡಿದ ಮೇಲೆ ಬಿಟ್ಟಿದ್ದರೆ ಒದ್ದರೆ ಬಿಡುತ್ತಾರೆಂದು ಕಲಿಯುತ್ತಿತ್ತು.

ಲಗಾಮಿನ ಲೆಕ್ಕವೂ ಇದೇ. ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಬರೀ ವಸಡು. ಕಡಿವಾಣ ಕೂಡುವುದು ಅಲ್ಲೇ. ಜಗ್ಗಿದಾಗ ಕುದುರೆ ನಿಂತರೆ, ನಿಂತ ಗಳಿಗೆಗೇ ಕೈ ಸಡಿಲಾಗಬೇಕು. ತಾನು ಮಾಡಿದ್ದು ಸರಿ ಎಂದು ಅದಕ್ಕೆ ಗೊತ್ತಾಗುವುದು ಆ ಸಡಿಲಿನಿಂದ. ನಿಂತ ಮೇಲೂ ಜಗ್ಗುತ್ತಲೇ ಇದ್ದರೆ ಬಾಯಿ ಜಡ್ಡುಗಟ್ಟುತ್ತದೆ, ಆಮೇಲೆ ಇನ್ನೂ ಬಿರುಸಾದ ಕಡಿವಾಣ ಹುಡುಕಿಕೊಂಡು ಹೋಗುತ್ತಾರೆ. ಡಿಸೆಂಬರ್ ಮುಂಜಾನೆಗಳಲ್ಲಿ ಚಾಚಾ ಥಂಡಿ ಹಿಡಿದ ಕಬ್ಬಿಣವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಯೇ ಬಾಯಿಗೆ ಇಡುತ್ತಿದ್ದರು. ಕುದುರೆಗೆ ‘ಯಾರು ದೊಡ್ಡವರು’ ಅಂತ ಮೊದಲು ತೋರಿಸಬೇಕು, ಆಗಲೇ ಮರ್ಯಾದೆ ಕೊಡುತ್ತದೆ ಎನ್ನುವ ಸವಾರರನ್ನು ಬೇಕಾದಷ್ಟು ಕಂಡಿದ್ದೇನೆ. ಅವರು ಮರ್ಯಾದೆ ಅಂದುಕೊಂಡದ್ದು ಬರೀ ಹೆದರಿಕೆ. ನಿನ್ನೆ ಇದ್ದ ಕೈ ಇವತ್ತೂ ಹಾಗೇ ಇರಬೇಕು, ಹುರುಳಿ ನೀರು ಹೊತ್ತಿಗೆ ಸಿಗಬೇಕು. ಕುದುರೆ ಇದಕ್ಕಿಂತ ಹೆಚ್ಚು ಕೇಳಿದ್ದನ್ನು ನಾನು ನೋಡಿಲ್ಲ.

ಇಂಥ ಕುದುರೆಯನ್ನು ತಂದು ಡಿಜೆ ಲಾರಿಯ ಬೆನ್ನಿಗೆ ನಿಲ್ಲಿಸುತ್ತೇವೆ. ಅದರ ಕಣ್ಣಿಗೆ ಸುತ್ತಲಿನ ಬಹುಪಾಲು ಕಾಣುತ್ತದೆ. ಕಾಣದಿರುವುದು ಹಣೆಯ ನೇರಕ್ಕೆ, ತೀರ ಹತ್ತಿರದಲ್ಲಿ, ಮತ್ತು ಬಾಲದ ಹಿಂದೆ. ಹುಡುಗರು ಸೆಲ್ಫಿಗೆ ಮೂತಿಯ ಮುಂದೆಯೇ ನುಗ್ಗುತ್ತಾರೆ, ಪಟಾಕಿ ಸರ ಹಚ್ಚುವುದು ಬಾಲದ ಹಿಂದೆ. ಮೇಲೆ ಕೂತ ಮದುಮಗ ಜನ್ಮದಲ್ಲಿ ಕುದುರೆ ಹತ್ತಿದವನಲ್ಲ. ಪೇಟ ಸರಿಮಾಡಿಕೊಳ್ಳುತ್ತ ಮೊಣಕಾಲು ಬಿಗಿಹಿಡಿದಿರುತ್ತಾನೆ. ಆ ಬಿಗಿ ಕುದುರೆಗೆ ತಿಳಿಯದೆ ಇರುವುದಿಲ್ಲ. ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತದೆಂದು ಹೆಸರಾಗಿತ್ತು. ಆಸ್ಕರ್ ಫುಂಗ್‌ಸ್ಟ್ ಎಂಬಾತ ಪರೀಕ್ಷೆ ಮಾಡಿ 1907ರಲ್ಲಿ ಗುಟ್ಟು ಬಿಡಿಸಿದ. ಪ್ರಶ್ನೆ ಕೇಳಿದವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಎಣಿಕೆ ಬಂದಾಗ ಕೇಳಿದವನ ತಲೆ ಅವನಿಗೇ ಅರಿವಿಲ್ಲದೆ ಒಂಚೂರು ಅಲುಗುತ್ತಿತ್ತು, ಅದನ್ನು ನೋಡಿ ಕುದುರೆ ನಿಲ್ಲಿಸುತ್ತಿತ್ತು. ಅಷ್ಟು ಸಣ್ಣ ಅಲುಗನ್ನು ಓದುವ ಪ್ರಾಣಿಯ ಬೆನ್ನ ಮೇಲೆ ನಡುಗುವ ಮದುಮಗನನ್ನು ಕೂರಿಸಿ, ಅದು ಸುಮ್ಮನಿರಲಿ ಅನ್ನುತ್ತೇವೆ.

ಆಗ ಯಜಮಾನನಿಗೆ ಉಳಿಯುವ ದಾರಿ ಒಂದೇ, ಲಗಾಮು ಬಿಗಿಹಿಡಿದು ಜಗ್ಗುವುದು. ಕುದುರೆ ನಿಂತರೂ ಸಡಿಲಿಸುವಂತಿಲ್ಲ, ಮೇಲಿರುವುದು ಮಂದಿ ಮನೆಯ ಮಗ. ವರ್ಷಗಟ್ಟಲೆ ಕೊಟ್ಟ ಮಾತನ್ನು ಆ ಕೈ ಒಂದೇ ರಾತ್ರಿಯಲ್ಲಿ ಮುರಿಯುತ್ತದೆ. ಲಗ್ನದ ಮರುದಿನ ನನ್ನ ಹತ್ತಿರ ಬರುತ್ತಿದ್ದ ಕುದುರೆಗಳ ಬಾಯಂಚು ಹರಿದಿರುತ್ತಿತ್ತು. ಗಾಯ ವಾರದಲ್ಲಿ ಮಾಯುತ್ತದೆ. ತಲೆಯ ಹತ್ತಿರ ಕೈ ಒಯ್ದರೆ ಕತ್ತು ಮೇಲೆತ್ತುವ ಚಾಳಿ ಅಷ್ಟು ಬೇಗ ಹೋಗುವುದಿಲ್ಲ.

ಟಾಂಗಾದ ಕಥೆಯೂ ಬೇರೆಯಲ್ಲ. ಭಾರ ಎಳೆಯುವ ಪ್ರಾಣಿಗಳಿಗಾಗಿ 1965ರಲ್ಲೇ ಕೇಂದ್ರದ ನಿಯಮ ಬಂದಿದೆ: ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು, ಬಿಡುವಿಲ್ಲದೆ 5 ಗಂಟೆ ದಾಟಕೂಡದು, 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಕೂಡದು. ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು ಎಂಥದೆಂದು ಬೇರೆ ಹೇಳಬೇಕೆ? ಆದರೂ ಗೋಳಗುಮ್ಮಟ ನೋಡಿ ಹೊರಬಂದವರು ಮಟಮಟ ಮಧ್ಯಾಹ್ನ ‘ಇಬ್ರಾಹಿಂ ರೋಜಾಕ್ಕೆ ಹೊಡಿ, ರೈಲಿಗೆ ಹೊತ್ತಾತು’ ಅನ್ನುತ್ತಾರೆ. ಟಾಂಗಾದವ ಒಲ್ಲೆನೆಂದರೆ ಮಗ್ಗುಲಿನ ಆಟೋ ಹತ್ತುತ್ತಾರೆ. ಅವನ ಮನೆಯಲ್ಲೂ ಒಲೆ ಉರಿಯಬೇಕಲ್ಲ? 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಆ ಪುಡಿಗಾಸೂ, ನಾನು ಕಂಡಮಟ್ಟಿಗೆ, ಟಾಂಗಾದವನ ಜೇಬಿನಿಂದಲೇ ಹೋಗಿದೆ.

ಕುದುರೆ ಬಾಡಿಗೆಗೇ ಬೇಡ ಅನ್ನುವ ಪ್ರಾಣಿಪ್ರಿಯರ ಮಾತು ನನಗೆ ಒಪ್ಪಿಗೆಯಿಲ್ಲ. ದುಡಿಮೆ ನಿಂತ ಕುದುರೆಗೆ ಹುರುಳಿ ಹಾಕುವವರು ಯಾರೆಂದು ಅವರು ಹೇಳುವುದಿಲ್ಲ. ಮುಂಗಡ ಕೊಡುವಾಗಲೇ ನಾಲ್ಕು ಮಾತು ಆಡಿಕೊಳ್ಳಿ. ಡಿಜೆ ಎಷ್ಟು ದೂರ ಇರುತ್ತದೆ, ಪಟಾಕಿ ಉಂಟೋ ಇಲ್ಲವೋ ಎಂಬುದು ಆಗಲೇ ತೀರ್ಮಾನವಾಗಲಿ. ಮದುಮಗ ಹಿಂದಿನ ದಿನ ಬಂದು ಅರ್ಧ ಗಂಟೆ ಆ ಕುದುರೆಯ ಹತ್ತಿರ ನಿಂತು ಹೋಗಲಿ. ಮೆರವಣಿಗೆ ನಡುದಾರಿಯಲ್ಲಿರುವಾಗ ಕುದುರೆಯವ ‘ಇಳೀರಿ, ಇನ್ನು ಆಗೂದಿಲ್ಲ’ ಅಂದರೆ ಇಳಿಯಿರಿ, ಬಾಡಿಗೆ ಪೂರ್ತಿ ಕೊಡಿ.